ದೇಶವ್ರತ ಮತ್ತು ಲಾಕ್‌ಡೌನ್: ಗಡಿನಾಡಿನ ಒಂದು ಚೈತ್ರಮಾಸ

ಹೇರಿದ ನಿರ್ಬಂಧ ಧರ್ಮಾಚರಣೆ ಆಗಬಲ್ಲದೇ ಎಂಬುದು ಹಳೆಯ ಪ್ರಶ್ನೆ. ತಾನಾಗಿ ಹಿಡಿದ ಉಪವಾಸಕ್ಕೂ ಅನ್ನ ಸಿಗದೆ ಬಿದ್ದ ಹಸಿವಿಗೂ ಹೊಟ್ಟೆಯ ಮಟ್ಟಿಗೆ ವ್ಯತ್ಯಾಸವಿಲ್ಲ. ಧರ್ಮಶಾಸ್ತ್ರಗಳು ಮಾತ್ರ ಇವೆರಡನ್ನೂ ಒಂದೇ ಎಂದು ಎಂದೂ ಎಣಿಸಿಲ್ಲ. 2020ರ ಚೈತ್ರಮಾಸದಲ್ಲಿ ಈ ಪ್ರಶ್ನೆ ಪಂಡಿತರ ಚರ್ಚೆಯಿಂದ ಇಳಿದು ಮನೆಮನೆಯ ಹೊಸ್ತಿಲಿಗೆ ಬಂತು. ಆ ವರ್ಷದ ಯುಗಾದಿ ಮಾರ್ಚ್ 25ರಂದು. ಕೋವಿಡ್ ತಡೆಯಲು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದದ್ದೂ ಅದೇ ದಿನ. ಏಪ್ರಿಲ್ 14ರವರೆಗಿನ ಮೊದಲ 21 ದಿನಗಳೂ ವಿಸ್ತರಣೆಯ ಮೊದಲ ವಾರವೂ ಚೈತ್ರದಲ್ಲೇ ಸಂದವು. ವರ್ಷದ ಮೊದಲ ತಿಂಗಳನ್ನು ಜನ ಇಡಿಯಾಗಿ ಮನೆಯೊಳಗೆ ಕಳೆದರು.

ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಜೈನ, ಲಿಂಗಾಯತ, ವಾರಕರಿ, ಮುಸ್ಲಿಂ ಸಂಪ್ರದಾಯಗಳು ಇಲ್ಲಿ ಒಂದೇ ಓಣಿಯಲ್ಲಿ ನೆಲೆಸಿವೆ. ಒಂದೆಡೆ ನಿಲ್ಲುವುದು ಯಾವಾಗ ಧರ್ಮ, ಯಾವಾಗ ಬರೀ ಬಂಧನ ಎಂಬುದರ ಬಗ್ಗೆ ಇವುಗಳಲ್ಲಿ ಪ್ರತಿಯೊಂದೂ ಬಹಳ ಹಿಂದೆಯೇ ಯೋಚಿಸಿದೆ.

ನೀರಿಲ್ಲದ ನಡುಗಡ್ಡೆ

ಕೊಗನೊಳ್ಳಿ ನಿಪ್ಪಾಣಿ ತಾಲ್ಲೂಕಿನ ಗಡಿ ಗ್ರಾಮ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಮಹಾರಾಷ್ಟ್ರದ ಕಾಗಲ್ ದಾಟಿ ಕರ್ನಾಟಕವನ್ನು ಹೊಗುವುದು ಇಲ್ಲಿ. ಟೋಲ್ ನಾಕಾ, ಚೆಕ್‌ಪೋಸ್ಟ್ ಎರಡಕ್ಕೂ ಊರಿನದೇ ಹೆಸರು. ಸುತ್ತಲಿನ ಜನ ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ಕಾಗಲ್ ಮತ್ತು ಗೋಕುಲ ಶಿರಗಾಂವದ ಎಂಐಡಿಸಿ ಕೈಗಾರಿಕಾ ವಸಾಹತುಗಳ ಕಾರ್ಖಾನೆಗಳಲ್ಲಿ ಅವರ ದುಡಿಮೆ. ದೊಡ್ಡ ಕಾಯಿಲೆಗೆ ಕೊಲ್ಹಾಪುರದ ಆಸ್ಪತ್ರೆ. ಬೀಗತನವೂ ಗಡಿಯ ಆಚೆ ಈಚೆ ಹಬ್ಬಿದೆ. ಕಚೇರಿಯ ಕಾಗದಪತ್ರಕ್ಕೆ ಮಾತ್ರ ಚಿಕ್ಕೋಡಿಗೋ ಬೆಳಗಾವಿಗೋ ಹೋಗಬೇಕು. ಕೊಲ್ಹಾಪುರಕ್ಕೆ ಹೋಲಿಸಿದರೆ ಬೆಳಗಾವಿ ಬಹುದೂರ.

ಈ ಭಾಗದವರಿಗೆ ನಡುಗಡ್ಡೆಯ ಬದುಕು ಹೊಸದಲ್ಲ. ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಏರಿದಾಗ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ನಡುವಿನ ಕೆಳಮಟ್ಟದ ಸೇತುವೆಗಳು ನೀರಿನಡಿ ಸೇರುತ್ತವೆ. ಎದುರು ದಂಡೆಯ ಊರು ಕಣ್ಣಿಗೆ ಕಂಡರೂ ಅಲ್ಲಿಗೆ ಹೋಗಲು ಸುತ್ತು ಹಾಕಬೇಕು. ನದಿ ಇನ್ನೂ ಏರಿದರೆ ಆ ಸುತ್ತುದಾರಿಯೂ ಇಲ್ಲ. 2019ರ ಆಗಸ್ಟ್‌ನ ಮಹಾಪೂರದಲ್ಲಿ ನದಿದಂಡೆಯ ಎಷ್ಟೋ ಊರುಗಳು ಹೀಗೆ ನೀರಿನ ನಡುವೆ ಸಿಕ್ಕಿದ್ದವು.

2020ರ ಚೈತ್ರದಲ್ಲಿ ನದಿಗಳಲ್ಲಿ ನೀರು ಇಳಿದಿತ್ತು, ಸೇತುವೆಗಳು ಒಣಗಿ ನಿಂತಿದ್ದವು, ಆದರೂ ದಾಟುವಂತಿರಲಿಲ್ಲ. ಹೆದ್ದಾರಿಗೆ ಬ್ಯಾರಿಕೇಡ್ ಬಿತ್ತು, ಊರ ಅಗಸಿಗಳಲ್ಲಿ ಮುಳ್ಳುಕಂಟಿ, ಕಲ್ಲು, ಎತ್ತಿನ ಬಂಡಿ ಅಡ್ಡ ಬಂದವು. ರಾಜ್ಯಗಳ ಗಡಿ ಮುಚ್ಚಬೇಕು, ವಲಸೆ ಕಾರ್ಮಿಕರನ್ನು ಇದ್ದಲ್ಲೇ ತಡೆದು ಆಶ್ರಯ ಕೊಡಬೇಕು ಎಂಬ ಕೇಂದ್ರದ ಆದೇಶ ಬಂದದ್ದು ಮಾರ್ಚ್ 29ರಂದು. ಜಿಲ್ಲೆಯಲ್ಲಿ ಏಪ್ರಿಲ್ ಮೊದಲ ವಾರದಲ್ಲೇ ಸೋಂಕು ಕಾಣಿಸಿತು. ರಾಯಬಾಗ ತಾಲ್ಲೂಕಿನ ಕುಡಚಿ ಪಟ್ಟಣ ನಿರ್ಬಂಧಿತ ವಲಯವಾಯಿತು. ಒಂದೊಂದು ಊರೂ ಒಂದೊಂದು ನಡುಗಡ್ಡೆಯಾಗಿ ಉಳಿಯಿತು.

ಹಬ್ಬಗಳು ತುಂಬಿದ ಬರಿದು ತಿಂಗಳು

ಆ ಚೈತ್ರದಲ್ಲಿ ಹಬ್ಬಗಳು ಸಾಲುಗಟ್ಟಿದ್ದವು. ಯುಗಾದಿಯ ಬೇವು–ಬೆಲ್ಲ ಮತ್ತು ಪಾಡವದ ಗುಢಿ, ಏಪ್ರಿಲ್ 2ರಂದು ರಾಮನವಮಿ, 6ರಂದು ಮಹಾವೀರ ಜಯಂತಿ, 8ರಂದು ಹನುಮ ಜಯಂತಿ, ಅದೇ ಹೊತ್ತಿಗೆ ಷಬ್‌–ಎ–ಬರಾತ್, 10ರಂದು ಗುಡ್ ಫ್ರೈಡೆ, 14ರಂದು ಅಂಬೇಡ್ಕರ್ ಜಯಂತಿ. ತಿಂಗಳು ಮುಗಿದೊಡನೆ ಏಪ್ರಿಲ್ 25ರಂದು ರಂಜಾನ್ ಉಪವಾಸ ಆರಂಭವಾಯಿತು, ಮರುದಿನವೇ ಬಸವ ಜಯಂತಿ. ಇವುಗಳಲ್ಲಿ ಒಂದಕ್ಕೂ ಜನ ಸೇರುವಂತಿರಲಿಲ್ಲ. ಚೈತ್ರ ಹುಣ್ಣಿಮೆಗೆ ಕೊಲ್ಹಾಪುರದ ಹತ್ತಿರದ ವಾಡಿ ರತ್ನಗಿರಿಯಲ್ಲಿ ನಡೆಯುವ ಜ್ಯೋತಿಬಾ ಯಾತ್ರೆ ರದ್ದಾಯಿತು. ಗುಲಾಲಿನಲ್ಲಿ ಮಿಂದು ಮುಗಿಲಿಗೆ ಏರುವ ಎತ್ತರದ ಧ್ವಜಕೋಲುಗಳಾದ ಸಾಸನಕಾಠಿಗಳು ಮನೆಯ ಜಂತಿಯಲ್ಲೇ ಉಳಿದವು.

ಸರ್ಕಾರದ ಆದೇಶ ಪೂಜಾಸ್ಥಳಗಳನ್ನು ಭಕ್ತರಿಗೆ ಮುಚ್ಚಿತು. ಗುಡಿಗಳೊಳಗಿನ ನಿತ್ಯಪೂಜೆ ನಿಲ್ಲಲಿಲ್ಲ. ಬೆಳಿಗ್ಗೆ ಅರ್ಚಕ ಬಾಗಿಲು ತೆಗೆದು, ದೇವರಿಗೆ ನೀರೆರೆದು, ಹೂವಿಟ್ಟು, ಮತ್ತೆ ಬೀಗ ಹಾಕುತ್ತಿದ್ದ. ಮಸೀದಿಯಲ್ಲಿ ಬಾಂಗು ಆಗುತ್ತಿತ್ತು, ಆದರೆ ನಮಾಜಿನ ಸಾಲು ಕೂಡುತ್ತಿರಲಿಲ್ಲ. ನಿತ್ಯಕರ್ಮ ಬೇರೆ, ನೈಮಿತ್ತಿಕ ಕರ್ಮ ಬೇರೆ ಎಂಬ ಮೀಮಾಂಸೆಯ ವಿಂಗಡಣೆಗೆ ಇದು ಹೊಂದುತ್ತದೆ. ಉತ್ಸವ ನಿಂತರೂ ನಿತ್ಯಸೇವೆ ನಡೆದರೆ ದೇವರ ಮನೆ ಪಾಳುಬಿದ್ದಂತೆ ಆಗದು. ಆದರೆ ಇದು ಗುಡಿಯ ಮಟ್ಟಿಗಿನ ಉತ್ತರ. ಹೊರಗೆ ಉಳಿದ ಭಕ್ತನ ಪಾಲಿನ ಧರ್ಮ ಯಾವುದು ಎಂಬುದು ಬೇರೆಯದೇ ಪ್ರಶ್ನೆ.

ಮನೆಯಲ್ಲಿ ಉಳಿಯುವ ಆಚರಣೆಗಳು

ಲಿಂಗಾಯತರಿಗೆ ಉತ್ತರ ಅಂಗೈಯಲ್ಲೇ ಇತ್ತು. ದೇಹವನ್ನೇ ದೇಗುಲವೆಂದು ಕಂಡ 12ನೇ ಶತಮಾನದ ಶರಣರು ಸ್ಥಾವರದ ಆಸರೆಯಿಲ್ಲದೆ ನಡೆಯುವ ಪೂಜೆಯನ್ನು ಕೊಟ್ಟುಹೋಗಿದ್ದಾರೆ. ಕೊರಳಲ್ಲಿ ಇಷ್ಟಲಿಂಗವಿರುವವನಿಗೆ ಗುಡಿಯ ಬಾಗಿಲು ಮುಚ್ಚಿದ್ದರಿಂದ ದಿನದ ಪೂಜೆ ತಪ್ಪುವುದಿಲ್ಲ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಈ ಲಿಂಗನಿಷ್ಠೆಯನ್ನೇ ಬಾಳಾಗಿ ಬದುಕಿದವರು. ಗಡಿನಾಡಿನ ಮನೆಗಳಲ್ಲಿ ಇಂದಿಗೂ ಅವರ ಚಿತ್ರವಿದೆ.

ಇಸ್ಲಾಮಿನಲ್ಲಿ ಸಾಮೂಹಿಕ ನಮಾಜಿಗೆ ಬಹಳ ಮಹತ್ವವಿದೆ. ಆದರೂ ಜಡಿಮಳೆಯ, ಕಡುಚಳಿಯ ರಾತ್ರಿಗಳಲ್ಲಿ ಮನೆಯಲ್ಲೇ ಪ್ರಾರ್ಥಿಸಿರಿ ಎಂದು ಬಾಂಗಿನಲ್ಲೇ ಸಾರುವ ರೂಢಿ ಪ್ರವಾದಿಯವರ ಕಾಲದ್ದು. ಪಿಡುಗು ಬಿದ್ದ ನಾಡಿಗೆ ಹೋಗಬಾರದು, ಅಲ್ಲಿರುವವರು ಹೊರಬರಬಾರದು ಎಂಬ ಹದೀಸೂ ಇದೆ. ಖಲೀಫ ಉಮರ್ ಸಿರಿಯಾದ ದಾರಿಯಲ್ಲಿ ಪ್ಲೇಗಿನ ಸುದ್ದಿ ಕೇಳಿ ಹಿಂತಿರುಗಲು ನಿರ್ಧರಿಸಿದಾಗ, ದೇವರ ವಿಧಿಯಿಂದ ಓಡಿಹೋಗುತ್ತೀರಾ ಎಂದು ಸೇನಾಪತಿ ಅಬು ಉಬೈದಾ ಕೇಳಿದರು. ತಾವು ಹೋಗುತ್ತಿರುವುದು ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಎಂಬುದು ಉಮರ್ ಅವರ ಉತ್ತರದ ಸಾರ. ವಿಧಿಯನ್ನು ನಂಬುವುದೂ ಎಚ್ಚರ ವಹಿಸುವುದೂ ಒಂದಕ್ಕೊಂದು ವಿರೋಧವಲ್ಲ ಎಂಬ ತಿಳಿವಳಿಕೆ ಇಲ್ಲಿದೆ. 2020ರ ರಂಜಾನಿನಲ್ಲಿ ರಾತ್ರಿಯ ತರಾವೀಹ್ ನಮಾಜು ಮನೆಯ ಪಡಸಾಲೆಗೆ ಬಂದದ್ದು ಈ ಪರಂಪರೆಗೆ ತಕ್ಕಂತೆಯೇ.

ಎಲ್ಲಕ್ಕಿಂತ ಕಷ್ಟವಾದದ್ದು ವಾರಕರಿಗಳಿಗೆ. ಅವರಿಗೆ ನಡಿಗೆಯೇ ಪೂಜೆ. ಪಂಢರಪುರಕ್ಕೆ ದಿಂಡಿಯೊಂದಿಗೆ ಹೆಜ್ಜೆ ಹಾಕುವುದನ್ನು ಮನೆಯೊಳಗೆ ತಂದುಕೊಳ್ಳಲು ಆಗದು. ಆ ವರ್ಷ ಜುಲೈ 1ರ ಆಷಾಢ ಏಕಾದಶಿಗೆ ಆಳಂದಿಯ ಜ್ಞಾನೇಶ್ವರರ, ದೇಹುವಿನ ತುಕಾರಾಮರ ಪಾದುಕೆಗಳು ಎಸ್‌ಟಿ ಬಸ್ಸಿನಲ್ಲಿ ಬೆರಳೆಣಿಕೆಯ ಜನರೊಂದಿಗೆ ಪಂಢರಪುರ ಸೇರಿದವು. ವಾರಿ ಎಂಬ ಈ ಪಾದಯಾತ್ರೆಯನ್ನು ತಪ್ಪಿಸದ ಮನೆತನಗಳಿಗೆ ಆ ನೋವು ಸಣ್ಣದಲ್ಲ. ಮನೆಯಲ್ಲಿ ಉಳಿದು ಧರ್ಮ ಪಾಲಿಸಬಹುದು ಎಂಬ ಮಾತು ಎಲ್ಲರಿಗೂ ಒಂದೇ ಅಳತೆಯಲ್ಲಿ ಒಪ್ಪುವುದಿಲ್ಲ. ಕೆಲವರ ಪಾಲಿಗೆ ಅದು ನಿಜವಾದ ತ್ಯಾಗವಾಗಿತ್ತು.

ದೇಶವ್ರತದ ವಿಚಾರ

ಈ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ಬಿಡಿಸಿಟ್ಟಿರುವುದು ಜೈನ ಶ್ರಾವಕಾಚಾರ, ಅಂದರೆ ಗೃಹಸ್ಥರ ನಡಾವಳಿಯ ಶಾಸ್ತ್ರ. ಮುನಿಗಳಿಗೆ ಚಾತುರ್ಮಾಸದ ನಿಯಮವಿದೆ: ಮಳೆಗಾಲದ ನಾಲ್ಕು ತಿಂಗಳು ಅವರು ವಿಹಾರ ನಿಲ್ಲಿಸಿ ಒಂದೇ ಊರಿನಲ್ಲಿ ಉಳಿಯುತ್ತಾರೆ. ಮಳೆ ಬಿದ್ದ ನೆಲದಲ್ಲಿ ಹುಲ್ಲು, ಹುಳ, ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ. ನಡೆದರೆ ಅವು ಸಾಯುತ್ತವೆ. ಹಾಗಾಗಿ ಈ ನಿಲುಗಡೆಯ ಮೂಲದಲ್ಲಿರುವುದು ಇನ್ನೊಂದು ಜೀವದ ರಕ್ಷಣೆ. ತನಗೆ ಏನಾದೀತು ಎಂಬ ಅಂಜಿಕೆ ಅದರಲ್ಲಿಲ್ಲ. 20ನೇ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು (1872–1955) ದೂಧಗಂಗಾ–ವೇದಗಂಗಾ ಸಂಗಮದ ಭೋಜ ಗ್ರಾಮದವರು. ಕೊಗನೊಳ್ಳಿಯಲ್ಲೂ ಅವರು ಚಾತುರ್ಮಾಸ ಕಳೆದರೆಂದು ಅವರ ಚರಿತ್ರೆಗಳು ಹೇಳುತ್ತವೆ. ಮುನಿಗಳು ನಿಲ್ಲುವ ತಿಂಗಳುಗಳೂ ಭೋಜದ ಸೇತುವೆ ಮುಳುಗುವ ತಿಂಗಳುಗಳೂ ಒಂದೇ ಆಗಿರುವುದರಿಂದ ಇಲ್ಲಿನ ಶ್ರಾವಕರಿಗೆ ಈ ನಿಯಮ ಗ್ರಂಥದಲ್ಲಿ ಓದಿದ ಸಂಗತಿಯಷ್ಟೇ ಅಲ್ಲ, ವರ್ಷವರ್ಷವೂ ಕಣ್ಣಾರೆ ಕಾಣುವಂಥದ್ದು.

ಗೃಹಸ್ಥನಿಗೂ ಇಂಥದೇ ಒಂದು ವ್ರತವಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅದನ್ನು ದೇಶವ್ರತ ಎನ್ನುತ್ತದೆ, ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ದೇಶಾವಕಾಶಿಕ ಎನ್ನುತ್ತದೆ. ದಿಗ್ವ್ರತದಲ್ಲಿ ಶ್ರಾವಕ ತನ್ನ ಓಡಾಟದ ದಿಕ್ಕುಗಳಿಗೆ ಜೀವಮಾನದ ಮಿತಿ ಹಾಕಿಕೊಳ್ಳುತ್ತಾನೆ. ದೇಶವ್ರತದಲ್ಲಿ ಆ ಮಿತಿಯನ್ನು ಗೊತ್ತಾದ ಕಾಲಕ್ಕೆ ಇನ್ನಷ್ಟು ಕಿರಿದುಮಾಡುತ್ತಾನೆ: ಈ ಮನೆ, ಈ ಊರು, ಈ ಹೊಲ, ಈ ನದಿಯವರೆಗೆ; ಇಷ್ಟು ದಿನ, ಇಷ್ಟು ಪಕ್ಷ, ಇಷ್ಟು ತಿಂಗಳು. ಇದರ ಫಲವನ್ನು ಸಮಂತಭದ್ರರು ವಿವರಿಸುವ ರೀತಿ ಗಮನಾರ್ಹ. ಗೆರೆಯ ಆಚೆಗಿನ ಜಗತ್ತಿಗೆ ಅವನಿಂದ ಯಾವ ಕೇಡೂ ತಟ್ಟುವುದಿಲ್ಲ. ಆದ್ದರಿಂದ ಅಷ್ಟರ ಮಟ್ಟಿಗೆ ಆ ಗೃಹಸ್ಥ ಮಹಾವ್ರತಿಯಾದ ಮುನಿಗೆ ಸಮಾನ. ಸೋಂಕನ್ನು ಹೊತ್ತಿರಬಹುದಾದ ದೇಹವೊಂದು ಮನೆಯೊಳಗೆ ಉಳಿದಾಗ ಆಗುವುದೂ ಇದೇ. ಹೊರಗಿನವರಿಗೆ ಅದರಿಂದ ಅಭಯ ಸಿಗುತ್ತದೆ.

ಆದರೆ ದೇಶವ್ರತ ತಾನಾಗಿ ಹಿಡಿಯುವ ವ್ರತ, ಲಾಕ್‌ಡೌನ್ ಹೊರಗಿನಿಂದ ಬಂದ ಆಜ್ಞೆ. ಈ ವ್ಯತ್ಯಾಸಕ್ಕೂ ಶಾಸ್ತ್ರದಲ್ಲಿ ಜಾಗವಿದೆ. ಬಯಸದೆ ಬಂದ ಕಷ್ಟವನ್ನು ಸಹಿಸುವುದರಿಂದಾಗುವ ಕರ್ಮಕ್ಷಯಕ್ಕೆ ಅಕಾಮನಿರ್ಜರೆ ಎಂದು ಹೆಸರು. ಪೂಜ್ಯಪಾದರು ತತ್ತ್ವಾರ್ಥಸೂತ್ರದ ಟೀಕೆಯಾದ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸೆರೆಯಲ್ಲಿ ಬಿದ್ದವನನ್ನೇ ಉದಾಹರಿಸುತ್ತಾರೆ: ಕಟ್ಟುಬಿದ್ದು ಹಸಿವು ಬಾಯಾರಿಕೆಗಳನ್ನು ತಡೆದುಕೊಂಡವನಿಗೂ ಸ್ವಲ್ಪ ಫಲವುಂಟು. ಆದರೆ ಅದು ಮೋಕ್ಷದ ದಾರಿಯಾಗುವ ಸಂಕಲ್ಪದ ತಪಸ್ಸಲ್ಲ. ಹೊರಗಿನ ಸ್ಥಿತಿ ಒಂದೇ ಆದರೂ ಒಳಗಿನ ಒಪ್ಪಿಗೆ ಬೆಲೆಯನ್ನು ಬದಲಿಸುತ್ತದೆ ಎಂಬುದು ತಾತ್ಪರ್ಯ. ಪೊಲೀಸರ ಲಾಠಿಗೆ ಅಂಜಿ ಒಳಗೆ ಕುಳಿತವನೂ ಪಕ್ಕದ ಮನೆಯ ಮುದುಕಿಯ ಉಸಿರನ್ನು ನೆನೆದು ಒಳಗೆ ಉಳಿದವನೂ ಒಂದೇ ಓಣಿಯಲ್ಲಿ, ಒಂದೇ ಆದೇಶದ ಕೆಳಗೆ ಇದ್ದರು. ಇಬ್ಬರಲ್ಲಿ ವ್ರತ ಹಿಡಿದವನು ಎರಡನೆಯವನು. ಆಜ್ಞೆ ಹೊರಗಿನದಾದರೂ ಅದರ ಕಾರಣವನ್ನು ತನ್ನದಾಗಿಸಿಕೊಂಡ ಕ್ಷಣದಿಂದ ಅದು ಅವನ ಸಂಕಲ್ಪ.

ಐದು ಅತಿಚಾರಗಳು ಮತ್ತು ಹೊರಗೆ ದುಡಿದವರು

ಪ್ರತಿ ವ್ರತಕ್ಕೂ ಅದನ್ನು ಮುಕ್ಕಾಗಿಸುವ ಅತಿಚಾರಗಳನ್ನು ಜೈನ ಗ್ರಂಥಗಳು ಪಟ್ಟಿಮಾಡುತ್ತವೆ. ದೇಶವ್ರತದ ಅತಿಚಾರಗಳು ಐದು: ಗೆರೆಯ ಆಚೆಯಿಂದ ವಸ್ತು ತರಿಸಿಕೊಳ್ಳುವುದು, ಆಚೆಗೆ ಆಳನ್ನು ಕಳಿಸಿ ಕೆಲಸ ಮಾಡಿಸುವುದು, ಆಚೆಯವರಿಗೆ ದನಿಗೊಟ್ಟು ಸೂಚಿಸುವುದು, ಮುಖ ತೋರಿಸಿ ಸನ್ನೆ ಮಾಡುವುದು, ಕಲ್ಲು ಹೆಂಟೆ ಎಸೆದು ಗಮನ ಸೆಳೆಯುವುದು. ಕಾಲು ಗೆರೆಯೊಳಗಿದ್ದರೂ ಆಸೆಯ ಕೈ ಗೆರೆ ದಾಟಿದರೆ ವ್ರತ ಕೆಟ್ಟಿತು ಎಂಬ ಎಚ್ಚರ ಇವೆಲ್ಲದರ ಹಿಂದಿದೆ. ಎರಡನೆಯದಂತೂ ನೇರವಾದ ನೈತಿಕ ತೀರ್ಪು: ತಾನು ಕುಳಿತು, ತನಗಾಗಿ ಬೇರೊಬ್ಬನನ್ನು ಅಪಾಯದ ದಾರಿಗೆ ಅಟ್ಟಿದರೆ ಹಿಂಸೆ ನಿಲ್ಲುವುದಿಲ್ಲ, ಮಾಡುವವನಷ್ಟೇ ಬೇರೆಯಾಗುತ್ತಾನೆ.

ಈ ಅಳತೆಗೋಲನ್ನು 2020ರ ಚೈತ್ರಕ್ಕೆ ಹಿಡಿದರೆ ಯಾರೂ ಪೂರ್ಣ ವ್ರತಿಯಲ್ಲ. ಒಳಗೆ ಉಳಿದವರ ಬದುಕು ಹೊರಗೆ ಓಡಾಡಿದವರ ಮೇಲೆ ನಿಂತಿತ್ತು. ನಸುಕಿನಲ್ಲಿ ಹಾಲಿನ ಕ್ಯಾನು ಡೇರಿಗೆ ಮುಟ್ಟುತ್ತಿತ್ತು. ಗ್ರಾಮ ಪಂಚಾಯ್ತಿಯ ನೀರುಗಂಟಿ ವಾಲ್ವ್ ತಿರುಗಿಸಲು ಹೋಗಲೇಬೇಕಿತ್ತು. ಪೌರಕಾರ್ಮಿಕರು ಗಟಾರಿಗೆ ಪುಡಿ ಹಾಕುತ್ತಿದ್ದರು. ಆಶಾ ಕಾರ್ಯಕರ್ತೆಯರು ಮನೆಮನೆಯ ಬಾಗಿಲಲ್ಲಿ ನಿಂತು ಯಾರು ಪರಊರಿನಿಂದ ಬಂದರು, ಯಾರಿಗೆ ಕೆಮ್ಮಿದೆ ಎಂದು ಬರೆದುಕೊಳ್ಳುತ್ತಿದ್ದರು. ಹಲವೆಡೆ ಬೈಗುಳವನ್ನೂ ಉಂಡರು. ಮಾರ್ಚ್ 22ರ ಸಂಜೆ ದೇಶ ಅವರಿಗಾಗಿ ಚಪ್ಪಾಳೆ ತಟ್ಟಿತು. ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ₹12,000 ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಕಳಿಸಿದವರ ಮೇಲೆ ಉಳಿದ ಋಣ ಚಪ್ಪಾಳೆಯಿಂದ ತೀರುವಂಥದ್ದಲ್ಲ.

ಗೆರೆಯೊಳಗೆ ಕೂರಲು ಮನೆಯೇ ಇಲ್ಲದವರೂ ಇದ್ದರು. ಕಬ್ಬು ಕಡಿಯುವ ಗ್ಯಾಂಗುಗಳು ಕಾರ್ಖಾನೆಯ ಬಯಲಲ್ಲಿ ಗುಡಿಸಲು ಹಾಕಿಕೊಂಡು ಸಿಕ್ಕಿಬಿದ್ದವು. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರಿಗೆ ಕಟ್ಟಿದಷ್ಟೇ ಕೂಲಿ. ಎಲೆ ತಂಬಾಕು ಬರದಿದ್ದರೆ ಒಲೆ ಉರಿಯದು. ಮುಂಬಯಿ ಪುಣೆಗಳಲ್ಲಿ ದುಡಿಯುತ್ತಿದ್ದವರು ಹೆದ್ದಾರಿ ಹಿಡಿದು ನಡೆದು ಬಂದರು. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿಲ್ಲಿಸಿತು. ಚೆಕ್‌ಪೋಸ್ಟಿನ ಈಚೆ ನಿಂತವನಿಗೆ ನಿಯಮವಾದದ್ದು ಆಚೆ ನಿಂತವನಿಗೆ ಬೀದಿಪಾಲು. ಅಲ್ಲಿ ಧರ್ಮ ಕೇಳುವುದು ಗೆರೆಯೊಳಗಿರುವವನನ್ನು: ಹೊರಗಿರುವವನಿಗೆ ನೀನು ಏನು ಮಾಡಿದೆ?

ಶಾಸ್ತ್ರ ಈ ಪ್ರಶ್ನೆಯನ್ನು ಮೊದಲೇ ಎಣಿಸಿದೆ. ಸಮಂತಭದ್ರರು ಹೇಳುವ ನಾಲ್ಕು ಶಿಕ್ಷಾವ್ರತಗಳಲ್ಲಿ ದೇಶಾವಕಾಶಿಕ ಮೊದಲನೆಯದು. ಅದರ ನಂತರ ಸಾಮಾಯಿಕ, ಪ್ರೋಷಧೋಪವಾಸ, ಕೊನೆಯಲ್ಲಿ ವೈಯಾವೃತ್ಯ. ಗೆರೆ ಹಾಕಿಕೊಳ್ಳುವುದು, ಮನಸ್ಸನ್ನು ಸಮಕ್ಕೆ ತರುವುದು, ಬಾಯಿ ಕಟ್ಟುವುದು, ಸೇವೆ ಮಾಡುವುದು — ಇವು ಒಂದೇ ಗುಂಪಿನ ವ್ರತಗಳು. ಏಕಾಂತವನ್ನು ಸೇವೆಯಿಂದ ಬೇರ್ಪಡಿಸಿದರೆ ಶಿಕ್ಷಣ ಅರ್ಧಕ್ಕೆ ನಿಲ್ಲುತ್ತದೆ. ಲಿಂಗಾಯತರ ಕಾಯಕ–ದಾಸೋಹದ ಜೋಡಿಯೂ ರಂಜಾನಿನ ಉಪವಾಸದ ಕೊನೆಗೆ ಕಡ್ಡಾಯವಾದ ಫಿತ್ರ್ ದಾನವೂ ಹೇಳುವುದು ಇದನ್ನೇ. ಮಠಗಳು, ಬಸದಿಗಳು, ಜಮಾತ್‌ಗಳು, ತರುಣ ಮಂಡಳಗಳು ದಿನಸಿ ಕಿಟ್ ಹಂಚಿದ್ದು, ರಸ್ತೆ ಬದಿಯಲ್ಲಿ ಅನ್ನದ ಪೊಟ್ಟಣ ಕೊಟ್ಟದ್ದು ಧರ್ಮದ ಹೊರಗಿನ ಸಮಾಜಸೇವೆ ಅಲ್ಲ. ಆ ತಿಂಗಳ ಮಟ್ಟಿಗೆ ರಥ ಎಳೆಯುವುದಕ್ಕೆ ಬದಲಾಗಿ ಸಂದ ಪೂಜೆ ಅದು.

ಸಾವು ಮತ್ತು ಅಂಜಿಕೆ

ಮನೆಯೊಳಗೆ ತಂದುಕೊಳ್ಳಲಾಗದ ಇನ್ನೊಂದು ಸಂಸ್ಕಾರ ಅಂತ್ಯಕ್ರಿಯೆ. ಅದಕ್ಕೆ 20 ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಸೋಂಕಿನಿಂದ ಸತ್ತವರ ದೇಹಕ್ಕೆ ನೀರೆರೆಯುವುದು, ಅಪ್ಪುವುದು ನಿಷಿದ್ಧವಾಗಿತ್ತು. ಮುಟ್ಟದೆ ಮಾಡುವ ಮಂತ್ರಪಠಣ, ತೀರ್ಥಪ್ರೋಕ್ಷಣೆಗಳಿಗೆ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಅವಕಾಶ ಇಟ್ಟಿತ್ತು. ಈ ಭಾಗದಲ್ಲಿ ಸಾವಿನ ಮನೆಗೆ ಬಾರದೆ ಉಳಿಯುವುದು ನಂಟು ಕಡಿದಂತೆ. ಮಣ್ಣಿಗೆ ಬರಲಾಗದವರು ಬೂದಿ ಬಿಡುವ ಮೂರನೇ ದಿನದ ರಕ್ಷಾವಿಸರ್ಜನೆಗಾದರೂ ಬರುತ್ತಾರೆ. ಆ ತಿಂಗಳು ಕಾಗಲ್‌ನಲ್ಲಿದ್ದ ಮಗಳು ಕೊಗನೊಳ್ಳಿಯ ತವರಿಗೆ ಬರಬೇಕಾದರೂ ಪಾಸು ಬೇಕಿತ್ತು. ಮೊಬೈಲ್ ಪರದೆಯಲ್ಲಿ ತಂದೆಯ ಮುಖ ನೋಡಿದ ಮಗಳಿಗೆ ಸಂಸ್ಕಾರ ಪೂರ್ಣವಾಯಿತು ಎನ್ನಲು ಯಾವ ಶಾಸ್ತ್ರಕ್ಕೂ ಧೈರ್ಯ ಸಾಲದು. ಆದರೆ ಅಪೂರ್ಣ ಸಂಸ್ಕಾರ ಸತ್ತವರ ಗತಿಗೆ ಅಡ್ಡ ಬರುತ್ತದೆ ಎನ್ನಲೂ ಆಧಾರವಿಲ್ಲ. ಗತಿಯನ್ನು ಜೈನರು ಜೀವದ ಸ್ವಂತ ಕರ್ಮಕ್ಕೆ ಬಿಡುತ್ತಾರೆ, ಮುಸ್ಲಿಮರು ದೇವರ ಕರುಣೆಗೆ ಬಿಡುತ್ತಾರೆ, ಶರಣರು ಲಿಂಗೈಕ್ಯವನ್ನು ಬದುಕಿರುವಾಗಿನ ನಡೆಯಲ್ಲೇ ಕಾಣುತ್ತಾರೆ. ಕೊರತೆ ಉಳಿಯುವುದು ಬದುಕಿರುವವರ ಎದೆಯಲ್ಲಿ. ಅದನ್ನು ತುಂಬುವ ಹೊಣೆಯೂ ಬದುಕಿರುವವರದೇ; ದಾರಿ ತೆರೆದ ಮೇಲೆ ಹೋಗಿ ಕೂತು ಮಾತಾಡಿಸುವುದು ತಡವಾದರೂ ಸಲ್ಲುತ್ತದೆ.

ಅಂಜಿಕೆ ಈ ಹೊಣೆಯನ್ನು ನುಂಗಿದ ಸಂದರ್ಭಗಳೂ ಕಡಿಮೆಯಿಲ್ಲ. ಆಸ್ಪತ್ರೆಯಿಂದ ಗುಣವಾಗಿ ಬಂದವನ ಮನೆಗೆ ಹಾಲು ಹಾಕಲು ಒಲ್ಲೆ ಎಂದದ್ದು, ಸೋಂಕು ತಗುಲಿದ ಊರಿನ ಹೆಸರನ್ನೇ ಬೈಗುಳ ಮಾಡಿದ್ದು, ಒಂದು ಸಮುದಾಯದ ತಲೆಗೆ ರೋಗವನ್ನು ಕಟ್ಟಿದ್ದು ಅಧರ್ಮ. ದೂರ ನಿಲ್ಲುವ ಕ್ರಿಯೆ ಇಲ್ಲಿಯೂ ಅದೇ, ಒಳಗಿನ ಕಾರಣ ತಿರುವುಮುರುವು. ಚಾತುರ್ಮಾಸದ ಮುನಿ ಹುಳವನ್ನು ಉಳಿಸಲು ನಿಲ್ಲುತ್ತಾನೆ. ಅದರ ಮೇಲಿನ ಅಸಹ್ಯದಿಂದ ನಿಂತರೆ ಅದು ವ್ರತವಲ್ಲ. ರೋಗಿಯಿಂದ ಮಾರುದೂರ ನಿಂತು ಅವನ ಬಾಗಿಲಿಗೆ ಗಂಜಿ ಇಟ್ಟುಹೋದದ್ದು ಅಹಿಂಸೆ. ಅದೇ ದೂರದಲ್ಲಿ ನಿಂತು ಅವನ ಜಾತಿ ಎಣಿಸಿದ್ದು ಹಿಂಸೆ.

ಪರೀಕ್ಷೆಯ ಅಳತೆ

ಕರ್ನಾಟಕದಲ್ಲಿ ಪೂಜಾಸ್ಥಳಗಳು ಭಕ್ತರಿಗೆ ಮತ್ತೆ ತೆರೆದದ್ದು 2020ರ ಜೂನ್ 8ರಿಂದ. ಗಡಿಯ ನಿರ್ಬಂಧ ಮಾತ್ರ ಮರುಕಳಿಸುತ್ತಲೇ ಇತ್ತು. 2021ರಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕೊಗನೊಳ್ಳಿಯಲ್ಲಿ ಆರ್‌ಟಿ–ಪಿಸಿಆರ್ ನೆಗೆಟಿವ್ ವರದಿ ಕೇಳಲಾಯಿತು, ಎರಡನೇ ಅಲೆಗೆ ಮತ್ತೆ ಲಾಕ್‌ಡೌನ್ ಬಂತು. ಆ ಜುಲೈನ ಕೊನೆಯ ಭಾಗದಲ್ಲಿ ವೇದಗಂಗೆ ಯಮಗರ್ಣಿ ಬಳಿ ಹೆದ್ದಾರಿಯ ಮೇಲೆ ಹರಿದು ಸಂಚಾರ ನಿಂತಿತು. ರೋಗದ ಗೆರೆಯ ಮೇಲೆ ನೀರಿನ ಗೆರೆ ಬಿತ್ತು. ಆಗ ದಂಡೆಯ ಊರಿನವರನ್ನು ಒಂದೇ ಶಾಲೆಯ ಸೂರಿನಡಿ ಸೇರಿಸಬೇಕೇ, ದೂರ ಇಡಬೇಕೇ ಎಂಬ ಇಕ್ಕಟ್ಟು ಬಂದಾಗ ಜೀವ ಉಳಿಸುವುದೇ ಮೊದಲಾಯಿತು. ಗೆರೆ ಇರುವುದು ಜೀವಕ್ಕಾಗಿ. ಜೀವ ಕೇಳಿದಾಗ ಗೆರೆ ದಾಟುವುದು ವ್ರತಭಂಗವಲ್ಲ.

ಹೀಗೆ ನೋಡಿದರೆ ಹೇರಿದ ನಿರ್ಬಂಧ ಧರ್ಮವಾಗಲು ಮೂರು ಪರೀಕ್ಷೆಗಳನ್ನು ಗೆಲ್ಲಬೇಕು. ನಿಂತವನ ಕಾರಣ ಪರರ ಪ್ರಾಣವಾಗಿರಬೇಕು, ಸ್ವಂತದ ಅಂಜಿಕೆಯೊಂದೇ ಆಗಿರಬಾರದು. ತಾನು ನಿಂತು ಬೇರೆಯವರನ್ನು ಅಪಾಯಕ್ಕೆ ಕಳಿಸಿದ್ದರೆ ಆ ಋಣವನ್ನು ಒಪ್ಪಿ, ನ್ಯಾಯವಾದ ಕೂಲಿಯಿಂದಲೂ ಸೇವೆಯಿಂದಲೂ ತೀರಿಸಬೇಕು. ಗೆರೆಯ ಹೊರಗೆ ಉಳಿದವನ ಅನ್ನ, ಸೂರು, ಮಾನಗಳಿಗೆ ಗೆರೆಯೊಳಗಿರುವವನು ಹೊಣೆಯಾಗಬೇಕು. ಮೊದಲನೆಯದನ್ನು ಆ ಚೈತ್ರದಲ್ಲಿ ಗಡಿನಾಡಿನ ಬಹಳಷ್ಟು ಮನೆಗಳು ಗೆದ್ದವು, ಮೂರನೆಯದನ್ನು ಅಲ್ಲಲ್ಲಿ ಗೆದ್ದವು. ಎರಡನೆಯದು ಇನ್ನೂ ಬಾಕಿ ಇದೆ. ಗುಡಿ, ಬಸದಿ, ಮಸೀದಿಗಳ ಬಾಗಿಲು ತೆರೆದ ಮಾತ್ರಕ್ಕೆ ಆ ತಿಂಗಳ ವ್ರತ ಮುಗಿಯುವುದಿಲ್ಲ. ಹೊರಗೆ ಓಡಾಡಿ ಊರನ್ನು ಉಳಿಸಿದವರಿಗೆ ಸಲ್ಲಬೇಕಾದದ್ದು ಸಂದಾಗಲೇ ಅದರ ಉದ್ಯಾಪನೆ.